ತೋಟೆ ಮೊದಲು, ಕೋವಿ ಆಮೇಲೆ: ರಿವಾಲ್ವರ್ ತೋಟೆಯ ಲಿವರ್ ರೈಫಲ್ ಆರಿಸುವವರಿಗೆ

ಸೋದರಳಿಯ ಅಮೆರಿಕದ ಓಹಾಯೊದಿಂದ ಫೋನು ಮಾಡಿ ಕೇಳಿದ್ದು ಕೋವಿಯ ಹೆಸರು. "ಮಾವ, ಮಾರ್ಲಿನ್ ಒಳ್ಳೆಯದೋ, ಹೆನ್ರಿ ಒಳ್ಳೆಯದೋ?" ನಾನು ತಿರುಗಿ ಕೇಳಿದೆ, "ತೋಟೆ ಯಾವುದು?" ಅದನ್ನು ಆಮೇಲೆ ನೋಡಿದರಾಯಿತು ಅಂದ. ಮೊದಲು ನೋಡಬೇಕಾದ್ದೇ ಅದನ್ನು ಅಂತ ಹೇಳಲು ಶುರು ಮಾಡಿದವನು ಫೋನಿಡುವಾಗ ರಾತ್ರಿ ಹನ್ನೊಂದೂವರೆ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಈಗ ಕುಟುಂಬಕ್ಕೊಬ್ಬನಾದರೂ ಅಮೆರಿಕದಲ್ಲಿದ್ದಾನೆ. ಜಗಲಿಯ ಗೋಡೆಯಲ್ಲಿ ಅಜ್ಜನ ಕೋವಿ ನೋಡುತ್ತಾ ಬೆಳೆದ ಹುಡುಗರು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಅವರಿಗೆ ಆಸೆ ಹುಟ್ಟುವುದು ಕೌಬಾಯ್ ಸಿನಿಮಾಗಳ ಆ ಲಿವರ್ ರೈಫಲಿನ ಮೇಲೆ, ಅಂದರೆ ಕೆಳಗಿನ ಬಳೆ ತಿರುವಿದರೆ ಹಳೆಯ ಕವಚ ಹಾರಿ ಹೊಸ ತೋಟೆ ಒಳಗೆ ಕೂರುವ ಕೋವಿಯ ಮೇಲೆ. ಆ ರಾತ್ರಿ ಅಳಿಯನಿಗೆ ಹೇಳಿದ್ದನ್ನೂ, ಆಮೇಲೆ ಅವನ ಮನೆಗೆ ಹೋಗಿ ನಾಲ್ಕು ತಿಂಗಳು ಕೂತು ನೋಡಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ತೋಟೆ ತೋಟೆ ಅಂತ ನಾನು ಹಟ ಹಿಡಿಯಲು ಕಾರಣವಿದೆ. ಹರೆಯದಲ್ಲಿ ಒಮ್ಮೆ ಕೊಡಗಿನ ಕಾಫಿ ತೋಟದ ಮನೆಯೊಂದಕ್ಕೆ ಕೈಲ್‌ಪೋಳ್ದ್ ಹಬ್ಬಕ್ಕೆ ಹೋಗಿದ್ದೆ. ಪೂಜೆಗಿಟ್ಟ ಕೋವಿಗಳ ಸಾಲಿನಲ್ಲಿ ಒಂದು ವಿಂಚೆಸ್ಟರ್ 1892. ನಳಿಗೆಯ ತುದಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿದ್ದರು. ಎಣ್ಣೆ ಹಾಕಿ ಹಾಕಿ ಅದರ ಬಳೆ ಬೆಣ್ಣೆಯಂತೆ ಜಾರುತ್ತಿತ್ತು. "ಒಂದು ಈಡು ಹೊಡೆಯಬಹುದೋ?" ಅಂತ ಕೇಳಿದೆ. ಮನೆಯ ಯಜಮಾನರು ನಕ್ಕರು. ಅದಕ್ಕೆ ಬೇಕಾದದ್ದು .44-40 ಎಂಬ ತೋಟೆ. ಅವರ ಅಪ್ಪನ ಕಾಲದಲ್ಲೇ ತೋಟೆ ಮುಗಿದಿತ್ತು, ಮತ್ತೆ ಎಲ್ಲೂ ಸಿಕ್ಕಿರಲಿಲ್ಲ. ಅಷ್ಟು ಚೆಂದದ ಕೋವಿ ವರ್ಷಕ್ಕೊಮ್ಮೆ ಹೂವು ಮುಡಿದು ಕೂರುವುದಕ್ಕಷ್ಟೇ ಆಯಿತು.

ಮೊದಲು ಈ ಜಾತಿಯ ಕೋವಿ ಹುಟ್ಟಿದ ಬಗೆ ಹೇಳುತ್ತೇನೆ. ವಿಂಚೆಸ್ಟರ್ ಕಂಪೆನಿ 1873ರಲ್ಲಿ ತನ್ನ ಹೊಸ ಲಿವರ್ ರೈಫಲಿನ ಜೊತೆ .44-40 ತೋಟೆ ತಂದಿತು. 44 ಅಂದರೆ ಬೋರು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ನಳಿಗೆಯ ಒಳಗಲ; 40 ಅಂದರೆ ಒಳಗಿನ ನಲವತ್ತು ಗ್ರೇನ್, ಎರಡೂವರೆ ಗ್ರಾಂ ಚಿಲ್ಲರೆ, ಕರಿಮದ್ದು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪೆನಿಯೂ ಅದೇ ತೋಟೆಗೆ ರಿವಾಲ್ವರ್ ಮಾಡಿತು. ಕುದುರೆಯ ಮೇಲೆ ದಿನಗಟ್ಟಲೆ ಹೋಗುವವನು ಸೊಂಟದ ಪಟ್ಟಿಯಲ್ಲಿ ಒಂದೇ ಬಗೆಯ ತೋಟೆ ಇಟ್ಟುಕೊಂಡರೆ ಎರಡೂ ಆಯುಧಕ್ಕೆ ಸಾಕು. ಇದರ ಮೂಲ ಲಾಭ ಅಷ್ಟೇ. ಇವತ್ತು ಕುದುರೆ ಇಲ್ಲ, ಆದರೆ ಆ ಲೆಕ್ಕಕ್ಕೆ ಇನ್ನೊಂದು ಲಾಭ ಸೇರಿದೆ. ರಿವಾಲ್ವರಿನ ನಾಲ್ಕಿಂಚು ನಳಿಗೆಯಲ್ಲಿ ಗುಂಡನ್ನು ಸ್ವಲ್ಪ ದೂರವಷ್ಟೇ ತಳ್ಳಿ ಹೊರಗೆ ಹಾರುವ ಮದ್ದಿನ ಹೊಗೆ, ಹದಿನೆಂಟು ಇಂಚಿನ ನಳಿಗೆಯಲ್ಲಿ ಅದನ್ನು ಇನ್ನೂ ದೂರದವರೆಗೆ ತಳ್ಳುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಹೊಗೆ ಸೋರುವುದೂ ಇಲ್ಲ.

ಎಲ್ಲ ತೋಟೆಗೂ ಈ ಲಾಭ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. ಆಯ್ಕೆಯ ಗುಟ್ಟು ಇಲ್ಲೇ ಇರುವುದು.

.357 ಮ್ಯಾಗ್ನಮ್ 1935ರದ್ದು. 158 ಗ್ರೇನ್, ಅಂದರೆ ಹತ್ತು ಗ್ರಾಂ ಚಿಲ್ಲರೆ ತೂಕದ ಗುಂಡು ನಾಲ್ಕಿಂಚಿನ ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1,250 ಅಡಿ ಹೋಗುತ್ತದೆ. ಅದೇ ತೋಟೆ ಕಾರ್ಬೈನಿನಿಂದ, ಅಂದರೆ ಗಿಡ್ಡ ರೈಫಲಿನಿಂದ, 1,750 ಅಡಿಯ ಹತ್ತಿರ ಬರುತ್ತದೆ. ವೇಗ ಐನೂರು ಅಡಿ ಏರಿದರೆ ಪೆಟ್ಟಿನ ಬಲ ಹೆಚ್ಚುಕಡಿಮೆ ಎರಡು ಪಾಲು. ಉದ್ದ ನಳಿಗೆಯಿಂದ ಇಷ್ಟು ಲಾಭ ಪಡೆಯುವ ತೋಟೆ ಈ ಗುಂಪಿನಲ್ಲಿ ಇನ್ನೊಂದಿಲ್ಲ ಅಂತಲೇ ನನ್ನ ಎಣಿಕೆ. ನೂರು ಗಜದೊಳಗೆ ಜಿಂಕೆಗೆ ಧಾರಾಳ ಸಾಕು. ಹಂದಿಗೂ ಸಾಕು, ಆದರೆ ಗಟ್ಟಿ ಗುಂಡು ಬೇಕು, ಜಾಗ ನೋಡಿ ಹೊಡೆಯಬೇಕು. ರಿವಾಲ್ವರಿಗೆಂದೇ ಮಾಡಿದ ಹಗುರ ಪೊಳ್ಳುಮೂಗಿನ ಗುಂಡು ಕಾರ್ಬೈನಿನ ವೇಗಕ್ಕೆ ಚರ್ಮದ ಕೆಳಗೇ ಚದುರಿಹೋಗುವುದುಂಟು. ಗಂಡುಹಂದಿಯ ಹೆಗಲ ಮೇಲಿನ ದಪ್ಪ ಚರ್ಮ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲವಲ್ಲ.

ಇದಕ್ಕೆ ಇನ್ನೊಂದು ವರವಿದೆ, ಅದೇ .38 ಸ್ಪೆಷಲ್. .357ರ ಕೋವಿಗೆ .38 ಸ್ಪೆಷಲ್ ತೋಟೆಯನ್ನೂ ಹಾಕಬಹುದು. (ಹೆಸರು ನೋಡಿ ಮೋಸಹೋಗಬೇಡಿ. .38ರ ಗುಂಡಿನ ನಿಜವಾದ ಅಳತೆ .357, .44ರದ್ದು .429. ಕೋವಿಯವರ ಹೆಸರಿಡುವ ಬುದ್ಧಿ ನನಗೆ ಇವತ್ತಿಗೂ ಅರ್ಥವಾಗಿಲ್ಲ.) ತಿರುಗುಮುರುಗು ಮಾತ್ರ ಆಗದು. .38ಕ್ಕೆಂದು ಮಾಡಿದ ಕೋವಿಗೆ .357 ತೂರಿಸಬಾರದು. .38 ತೋಟೆ ಅಗ್ಗ, ಹೆಗಲಿಗೆ ಒದೆ ಇಲ್ಲವೇ ಇಲ್ಲ, ಸದ್ದಂತೂ ಆಶ್ಚರ್ಯ. 158 ಗ್ರೇನಿನ ಸಾದಾ .38ರ ಗುಂಡು ಶಬ್ದದ ವೇಗ ದಾಟುವುದಿಲ್ಲ, ಆದ್ದರಿಂದ ಆ 'ಛಟಾರ್' ಇರುವುದಿಲ್ಲ. ಅಳಿಯನ ಹೆಂಡತಿ ಜನ್ಮದಲ್ಲಿ ಕೋವಿ ಮುಟ್ಟಿದವಳಲ್ಲ. .38 ಹಾಕಿಕೊಟ್ಟ ಮೇಲೆ ಅರ್ಧ ಗಂಟೆಯಲ್ಲಿ ಇಪ್ಪತ್ತೈದು ಗಜದ ತಟ್ಟೆ ಬಿಡದೆ ಹೊಡೆದಳು. ಒಂದೇ ಎಚ್ಚರಿಕೆ: .38ರ ಕವಚ, ಅಂದರೆ ಗುಂಡನ್ನೂ ಮದ್ದನ್ನೂ ಹಿಡಿದಿರುವ ಲೋಹದ ಕೊಳವೆ, ಗಿಡ್ಡ. ನೂರಾರು ಹೊಡೆದರೆ ತೋಟೆ ಕೂರುವ ಗೂಡಾದ ಛೇಂಬರಿನ ತುದಿಯಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದೆ .357 ಹಾಕಿದರೆ ಸಿಕ್ಕಿಕೊಳ್ಳುತ್ತದೆ.

.44 ಮ್ಯಾಗ್ನಮ್ ಗಂಡುಮೆಟ್ಟಿನದು. 240 ಗ್ರೇನಿನ ಗುಂಡು ಇಪ್ಪತ್ತಿಂಚಿನ ನಳಿಗೆಯಿಂದ ಸುಮಾರು 1,700 ಅಡಿ ವೇಗದಲ್ಲಿ ಬರುತ್ತದೆ. ಟೆಕ್ಸಾಸಿನಲ್ಲಿ ಹಂದಿ ಹೊಡೆಯುವ ಅವಕಾಶ ಇದ್ದವರಿಗೆ, ಕರಡಿ ಇರುವ ರಾಜ್ಯದಲ್ಲಿ ಇರುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಇದರಲ್ಲೂ .44 ಸ್ಪೆಷಲ್ ಎಂಬ ಮೆತ್ತನೆಯ ತಮ್ಮನಿದ್ದಾನೆ, ಆದರೆ ಅದು .38ರಷ್ಟು ಅಗ್ಗವಲ್ಲ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಒದೆಯ ಮಾತು ಹೇಳಬೇಕು. ಭಾರದ ಕೋವಿಯಲ್ಲಾದರೆ ನಮ್ಮ ಹನ್ನೆರಡು ಬೋರಿನಷ್ಟೂ ಇಲ್ಲ. ಎರಡೂಕಾಲು ಕೆಜಿಯ ಗಿಡ್ಡ ಕಾರ್ಬೈನಿನಲ್ಲಿ ಹತ್ತು ಈಡು ಹೊಡೆದವನು ಹನ್ನೊಂದನೆಯದಕ್ಕೆ ಕಣ್ಣು ಮುಚ್ಚುತ್ತಾನೆ. ಕಣ್ಣು ಮುಚ್ಚಿದವನ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಲ್ಲ.

.45 ಕೋಲ್ಟ್ ಹೆಸರಿನಲ್ಲಿ ದೊಡ್ಡದು, ಲಾಭದಲ್ಲಿ ಚಿಕ್ಕದು. ಸಾದಾ ತೋಟೆ ರಿವಾಲ್ವರಿನಲ್ಲಿ 850 ಅಡಿ ಹೋದರೆ ಕಾರ್ಬೈನಿನಲ್ಲಿ ಸಾವಿರ ದಾಟಲು ಏದುಸಿರು ಬಿಡುತ್ತದೆ. ಬಲದ ತೋಟೆಗಳೂ ಇವೆ, ಆದರೆ ಅವು ಎಲ್ಲ ಕೋವಿಗೂ ಆಗುವುದಿಲ್ಲ. ತಮಾಷೆಯೆಂದರೆ ಸಿನಿಮಾದಲ್ಲಿ ಕೌಬಾಯ್ ಕೈಯಲ್ಲಿ .45ರ ಲಿವರ್ ರೈಫಲ್ ಕಾಣುತ್ತೇವಲ್ಲ, ಆ ಕಾಲದಲ್ಲಿ ಅದು ಇರಲೇ ಇಲ್ಲ. ಹಳೆಯ .45 ತೋಟೆಯ ಅಂಚು ತೀರಾ ಸಣ್ಣದಿತ್ತು. ರೈಫಲಿನ ಕೊಕ್ಕೆಗೆ ಅದನ್ನು ಹಿಡಿದು ಎಳೆಯಲು ಆಗುತ್ತಿರಲಿಲ್ಲ. .45 ಕೋಲ್ಟ್ ರಿವಾಲ್ವರ್ ಆಗಲೇ ಇರುವವನು ಜೊತೆಗಿರಲಿ ಅಂತ ತೆಗೆದುಕೊಂಡರೆ ಬೇಡ ಅನ್ನುವುದಿಲ್ಲ.

.44-40, .38-40, .32-20 ಮುಂತಾದ ಅಜ್ಜಂದಿರು ತೋಟೆಯನ್ನು ತಾವೇ ತುಂಬಿಕೊಳ್ಳುವ ಹವ್ಯಾಸಿಗಳಿಗೆ. .44-40ರ ತೆಳು ಕುತ್ತಿಗೆ ಛೇಂಬರನ್ನು ಚೆನ್ನಾಗಿ ಮುಚ್ಚುವುದರಿಂದ ಮಸಿ ಹಿಂದಕ್ಕೆ ಬರುವುದಿಲ್ಲ, ಅದು ನಿಜವಾದ ಗುಣ. ಉಳಿದದ್ದೆಲ್ಲ ಕೊಡಗಿನ ಕಥೆಯೇ. .454 ಕಸುಲ್ ಎಂಬ ಇನ್ನೂ ಬಲದ ತೋಟೆ ನನ್ನ ಹೆಗಲಿಗಲ್ಲ.

ತೋಟೆಗೆ ಕಾನೂನಿನ ಮಗ್ಗುಲೂ ಇದೆ. ಓಹಾಯೊದಲ್ಲಿ ಜಿಂಕೆಗೆ ಮಾಮೂಲಿ ರೈಫಲ್ ಬಳಸುವ ಹಾಗಿಲ್ಲ. ಬಯಲು ಸೀಮೆ, ಮನೆಗಳು ಹತ್ತಿರ, ಗುಂಡು ದೂರ ಹೋಗಬಾರದು ಅಂತ. 2014ರಿಂದ ನೇರ ಕವಚದ ತೋಟೆಯ ರೈಫಲಿಗೆ ಒಪ್ಪಿಗೆ ಸಿಕ್ಕಿತು. ಕುತ್ತಿಗೆ ಕಿರಿದಾಗದೆ ಕೊಳವೆಯ ಹಾಗೆ ಇರುವ ಕವಚ ಅಂತ ಅರ್ಥ. .357, .44 ಮ್ಯಾಗ್ನಮ್, .45 ಕೋಲ್ಟ್ ಆ ಲೆಕ್ಕಕ್ಕೆ ಬರುತ್ತವೆ. ಕುತ್ತಿಗೆ ಇರುವ .44-40 ಬರುವುದಿಲ್ಲ. ಮೇಲಾಗಿ ಅಲ್ಲಿ ಬೇಟೆಗೆ ಹೋಗುವಾಗ ಕೋವಿಯಲ್ಲಿ ಒಟ್ಟು ಮೂರೇ ತೋಟೆ ಇರಬೇಕು. ಅಂಗಡಿಯವನು ಇದಕ್ಕೆ ಎಂಟು ಹಿಡಿಯುತ್ತದೆ, ಅದಕ್ಕೆ ಹತ್ತು ಹಿಡಿಯುತ್ತದೆ ಅಂತ ಹೇಳಿದ್ದನ್ನು ಕೇಳಿ ಅಳಿಯ ತಲೆ ಕೆಡಿಸಿಕೊಂಡದ್ದೆಲ್ಲ ದಂಡ.

ಇನ್ನೊಂದು ಕಾನೂನು ಊರಿನಿಂದ ಹೋಗುವವರೆಲ್ಲ ತಿಳಿದಿರಬೇಕು. ವಿಸಿಟರ್ ವೀಸಾದಲ್ಲಿ ಹೋದವರು, ಎಚ್-1ಬಿಯಲ್ಲಿರುವವರೂ ಸಹ, ಅಲ್ಲಿ ಬಂದೂಕು ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಪಡೆದವರಿಗೆ ವಿನಾಯಿತಿ ಇದೆ. ನನ್ನ ಹತ್ತಿರ ಅದು ಇರಲಿಲ್ಲ. ಆದ್ದರಿಂದ ಮೂರು ಶನಿವಾರ ರೇಂಜಿನ ಬೆಂಚಿನಲ್ಲಿ ಕೈ ಕಟ್ಟಿ ಕೂತು, ಅಳಿಯ ಮತ್ತವನ ಸ್ನೇಹಿತರು ಐದು ಕೋವಿ ಹೊಡೆಯುವುದನ್ನು ನೋಡಿದೆ. ಚೆಂಡೆ ಬಾರಿಸುವವನು ಪ್ರೇಕ್ಷಕರ ನಡುವೆ ಕೂತ ಹಾಗಾಗಿತ್ತು ನನ್ನ ಪಾಡು. ಆದರೆ ಹೊಡೆಯುವವನಿಗಿಂತ ನೋಡುವವನಿಗೇ ಕೋವಿಯ ಗುಣ ಹೆಚ್ಚು ತಿಳಿಯುತ್ತದೋ ಏನೋ.

ಆ ಐದರ ಮಾತು ಈಗ.

ಮಾರ್ಲಿನ್ 1894ರ ನೆತ್ತಿ ಮುಚ್ಚಿದೆ, ಖಾಲಿ ಕವಚ ಬಲ ಪಕ್ಕಕ್ಕೆ ಹಾರುತ್ತದೆ. ದುರ್ಬೀನು ಕೂರಿಸುವ ಆಲೋಚನೆ ಇದ್ದರೆ ಚರ್ಚೆಯೇ ಬೇಡ, ಇದೇ. ಅರವತ್ತು ದಾಟಿದ ನನ್ನಂಥವರ ಕಣ್ಣಿಗೆ ಗುರಿ ಹಿಡಿಯುವ ಹಿಂದಿನ ಕಂಡಿಯೂ ಮುಂದಿನ ಮೊನೆಯೂ ಒಟ್ಟಿಗೆ ಸ್ಪಷ್ಟ ಕಾಣುವುದಿಲ್ಲ, ಆದ್ದರಿಂದ ಇದು ಸಣ್ಣ ಮಾತಲ್ಲ. ಈ ಕಂಪೆನಿ ರೆಮಿಂಗ್ಟನ್ನಿನವರ ಕೈಗೆ ಹೋಗಿ, ಅವರು ದಿವಾಳಿಯಾದಾಗ 2020ರಲ್ಲಿ ರೂಗರ್ ಕೊಂಡಿತು. ನಡುವಿನ ವರ್ಷಗಳ ಮಾಲಿಗೆ ಬಳಸುವವರಲ್ಲಿ ಒಳ್ಳೆಯ ಹೆಸರಿಲ್ಲ, ಹಳೆಯದು ಕೊಳ್ಳುವವರು ಯಾವ ಕಾಲದ್ದು ಅಂತ ವಿಚಾರಿಸಿ. ಹಳೆ .44ರಲ್ಲಿ ಇನ್ನೊಂದು ಕೊರೆ: ನಳಿಗೆಯೊಳಗಿನ ಸುರುಳಿ 38 ಇಂಚಿಗೆ ಒಂದು ಸುತ್ತು. 300 ಗ್ರೇನಿನಂಥ ಭಾರದ ಗುಂಡಿಗೆ ಅಷ್ಟು ನಿಧಾನದ ತಿರುಗು ಸಾಲದು, ಗುರಿ ಚದುರುತ್ತದೆ. ರೂಗರಿನವರು ಅದನ್ನು 20 ಇಂಚಿಗೆ ಇಳಿಸಿದ್ದಾರೆ.

ವಿಂಚೆಸ್ಟರ್ 1892 ಜಾನ್ ಬ್ರೌನಿಂಗ್ ಎಂಬ ಮಹಾಶಯನ ಕೈಚಳಕ. ಎರಡು ಉಕ್ಕಿನ ಬೀಗಗಳು ಹಿಂದಿನಿಂದ ಮೇಲೆದ್ದು, ತೋಟೆಯ ಬೆನ್ನಿಗೆ ಮುಚ್ಚುವ ಬೋಲ್ಟನ್ನು ಹಿಡಿಯುತ್ತವೆ. ಗಟ್ಟಿ, ಆದರೂ ಹಗುರ. ಕವಚ ನೆತ್ತಿಯಿಂದ ಮೇಲಕ್ಕೆ ಹಾರುವುದರಿಂದ ದುರ್ಬೀನು ಕೂರಿಸುವುದು ಕಷ್ಟ. ಇವತ್ತು ವಿಂಚೆಸ್ಟರ್ ಹೆಸರಿನಲ್ಲಿ ಬರುವುದನ್ನು ಜಪಾನಿನ ಮಿರೋಕು ಮಾಡುತ್ತದೆ. ನುಣುಪು ಕೆಲಸ, ಬೆಲೆಯೂ ಹಾಗೇ. ಅದೇ ವಿನ್ಯಾಸವನ್ನು ಬ್ರೆಜಿಲಿನ ರೊಸ್ಸಿ ಆರ್92 ಅಂತ ಕಡಿಮೆ ಬೆಲೆಗೆ ಕೊಡುತ್ತದೆ. ರೊಸ್ಸಿ ಹೊಸದಾಗಿ ಬರುವಾಗ ಸ್ವಲ್ಪ ಒರಟು. ಅಳಿಯನ ಸ್ನೇಹಿತನೊಬ್ಬನದು ಮೊದಲ ದಿನ ಕಬ್ಬಿನ ಗಾಣದ ಹಾಗೆ ಕಿರುಗುಟ್ಟುತ್ತಿತ್ತು. ಮೂರನೆಯ ಶನಿವಾರದ ಹೊತ್ತಿಗೆ ಹದಕ್ಕೆ ಬಂದಿತ್ತು. ಕಡಿಮೆ ದುಡ್ಡಿಗೆ ಕೆಲಸದ ಕೋವಿ ಬೇಕಾದವನಿಗೆ ನಾನು ಇದನ್ನೇ ತೋರಿಸುವುದು.

ಹೆನ್ರಿ ಬಿಗ್ ಬಾಯ್‌ನ ಹಿತ್ತಾಳೆ ಬಣ್ಣದ್ದು ರಂಗಸ್ಥಳಕ್ಕೆ ಬಂದ ರಾಜವೇಷದಂತೆ ಥಳಥಳಿಸುತ್ತದೆ. ತೂಕವೂ ವೇಷದ್ದೇ, ನಾಲ್ಕು ಕೆಜಿಗೆ ಸ್ವಲ್ಪ ಕಡಿಮೆ. ಬೆಂಚಿನಲ್ಲಿಟ್ಟು ಹೊಡೆಯಲು ಸುಖ, ಗುಡ್ಡ ಹತ್ತಲು ಶಿಕ್ಷೆ. ಉಕ್ಕಿನದು ಮುಕ್ಕಾಲು ಕೆಜಿಯಷ್ಟು ಹಗುರ. ಮೊದಲೆಲ್ಲ ಹೆನ್ರಿಗೆ ತೋಟೆಯನ್ನು ನಳಿಗೆಯ ಕೆಳಗಿನ ಕೊಳವೆಯ ಮುಂತುದಿಯಿಂದಲೇ ತುಂಬಬೇಕಿತ್ತು, ಈಗ ಪಕ್ಕದ ಬಾಗಿಲಿನ ಮಾದರಿಗಳೂ ಬಂದಿವೆ. ಮುಂದಿನಿಂದ ತುಂಬುವುದನ್ನು ಕೊರತೆ ಅನ್ನುವವರು ಹೆಚ್ಚು, ನನಗೆ ಹಾಗೆ ಕಾಣುವುದಿಲ್ಲ. ಬೇರೆ ಲಿವರ್ ರೈಫಲ್ ಖಾಲಿ ಮಾಡಬೇಕಾದರೆ ಒಂದೊಂದೇ ತೋಟೆಯನ್ನು ಛೇಂಬರಿಗೆ ತಂದು ಹೊರಹಾಕಬೇಕು. ಅಷ್ಟು ಸಲ ಜೀವಂತ ತೋಟೆ ಬೋಲ್ಟಿನ ಎದುರು ಕೂರುತ್ತದೆ. ಹೆನ್ರಿಯಲ್ಲಿ ಒಳಗಿನ ಕೊಳವೆ ಎಳೆದು ಬಗ್ಗಿಸಿದರೆ ಕೊಳವೆಯಲ್ಲಿದ್ದದ್ದೆಲ್ಲ ಅಂಗೈಗೆ ಉದುರುತ್ತದೆ, ಆಮೇಲೆ ಛೇಂಬರ್ ಒಂದನ್ನು ನೋಡಿದರಾಯಿತು. ಮಕ್ಕಳಿರುವ ಮನೆಗೆ ಇದೊಂದೇ ಕಾರಣಕ್ಕೆ ಹೆನ್ರಿ ಕೊಂಡರೂ ತಪ್ಪಿಲ್ಲ.

1873ರ ನಕಲುಗಳು, ಇಟಲಿಯ ಉಬರ್ಟಿಯಂಥವು, ಬಳೆ ತಿರುವುವ ಸುಖಕ್ಕೆ ಎಲ್ಲಕ್ಕಿಂತ ಮೇಲು. ಪಂದ್ಯದಲ್ಲಿ ಕಬ್ಬಿಣದ ತಟ್ಟೆಗಳಿಗೆ ಪಟಪಟ ಹೊಡೆಯುವವರು ಇದನ್ನೇ ಹಿಡಿಯುವುದು. ಆದರೆ ಒಳಗಿನ ಕೀಲು ಮಡಿಸುವ ಬಗೆಯದು, 1892ರ ಬೀಗದಷ್ಟು ಬಲವಿಲ್ಲ. ತೋಟೆಯ ಉದ್ದದಲ್ಲೂ ಹಟಮಾರಿ, ಅಳತೆ ತಪ್ಪಿದರೆ ಎತ್ತುವ ಪೆಟ್ಟಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ತೋಟಕ್ಕೆ ಒಯ್ಯುವ ಕೋವಿಯಲ್ಲ.

ನಮ್ಮ ಅಳಿಯ ಎಡಚ. ಬೋಲ್ಟ್ ರೈಫಲಿನಲ್ಲಿ ಎಡಚರಿಗೆ ಬೇರೆಯೇ ಮಾಡಿಸಬೇಕು. ಲಿವರಿಗೆ ಎಡ ಬಲದ ಭೇದವಿಲ್ಲ. ಇದನ್ನು ಹೇಳಿದಾಗ ಅವನಿಗೆ ಆದ ಖುಷಿ ಬೇರೆ ಯಾವುದಕ್ಕೂ ಆಗಿರಲಿಲ್ಲ.

ಯಾವುದೇ ತೆಗೆದುಕೊಳ್ಳಿ, ಎರಡು ಜಾಗದಲ್ಲಿ ಜೀವ ಹೋಗುವ ತಪ್ಪಾಗುತ್ತದೆ. ಈ ಕೋವಿಗಳಲ್ಲಿ ತೋಟೆಗಳು ಕೊಳವೆಯಲ್ಲಿ ಒಂದರ ಹಿಂದೊಂದು ಮಲಗುತ್ತವೆ, ಒಂದರ ಮೂಗು ಮುಂದಿನದರ ಕೇಪಿಗೆ, ಅಂದರೆ ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಕೊಡುವ ಬುಡದ ಗುಂಡಿಗೆ, ತಾಗಿಕೊಂಡು. ಆದ್ದರಿಂದ ಚೂಪು ಮೂಗಿನ ಗಟ್ಟಿ ಗುಂಡು ಕೂಡದು. ಚಪ್ಪಟೆ ಮೂಗು, ಇಲ್ಲವೇ ಲಿವರಿಗೆಂದೇ ಮಾಡಿದ ಮೆತ್ತನೆ ತುದಿಯ ಗುಂಡು. ಎರಡನೆಯದು ಕುದುರೆ, ಅಂದರೆ ಈಡು ಹಾರಿಸಲು ಬಡಿಯುವ ಹಿಂಬದಿಯ ಸುತ್ತಿಗೆ, ಇಳಿಸುವ ಗಳಿಗೆ. ಜಿಂಕೆ ಓಡಿಹೋಯಿತು, ಎತ್ತಿದ ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು ನಿಧಾನ ಇಳಿಸಬೇಕು. ಚಳಿಗೆ ಮರಗಟ್ಟಿದ ಬೆರಳು, ಮೇಲೆ ಕೈಗವಸು. ಜಾರಿದರೆ ಈಡು ಹಾರಿತೆಂದೇ ಲೆಕ್ಕ. ನಳಿಗೆಯನ್ನು ನೆಲದ ಕಡೆ ತಿರುಗಿಸಿಕೊಂಡೇ ಇಳಿಸಿ. ಖಾಲಿ ಕವಚ ಹಾಕಿ ಮನೆಯಲ್ಲಿ ನೂರು ಸಲ ಅಭ್ಯಾಸ ಮಾಡಿ.

ಊರಲ್ಲಿರುವವರು ಕೇಳುತ್ತಾರೆ, ನಮಗೂ ಒಂದು ಸಿಗಬಹುದೋ ಅಂತ. ಸಿಗುವುದಿಲ್ಲ. ಹೊರದೇಶದ ಕೋವಿ ತರಿಸುವ ಬಾಗಿಲು ಸಾಮಾನ್ಯರಿಗೆ 1980ರ ದಶಕದಲ್ಲೇ ಮುಚ್ಚಿದೆ. ಇಲ್ಲಿ ಅಂಥ ಲಿವರ್ ರೈಫಲ್ ಮಾಡುವ ಸರ್ಕಾರಿ ಕಾರ್ಖಾನೆಯೂ ಇಲ್ಲ. 2019ರ ತಿದ್ದುಪಡಿಯ ನಂತರ ಒಬ್ಬನಿಗೆ ಎರಡೇ ಕೋವಿ. ನಮ್ಮೆದುರಿಗೆ ಮುಖ್ಯವಾಗಿ ಇರುವುದು ಹನ್ನೆರಡು ಬೋರಿನ ಒಂಟಿ ನಳಿಗೆ, ಜೋಡು ನಳಿಗೆ, ಇಲ್ಲವಾದರೆ ಬಂಗಾಳದ ಇಚ್ಛಾಪುರ ಕಾರ್ಖಾನೆಯ .315 ರೈಫಲ್. ಮೂರರಲ್ಲಿ ತೋಟಕ್ಕೆ ಜೋಡು ನಳಿಗೆಯೇ ಸರಿ ಅನ್ನುವವ ನಾನು. .315ರ ಗುಂಡು ಹಂದಿ ದಾಟಿ ಗುಡ್ಡೆಯಾಚೆಯ ಮನೆಯವರೆಗೂ ಹೋಗುತ್ತದೆ, ನಮ್ಮಲ್ಲಿ ಇನ್ನೂರು ಗಜಕ್ಕೊಂದು ಮನೆ. ನೋಡಿದರೆ ಆ ಕಾರ್ಬೈನು ನಮ್ಮ ಅಡಿಕೆ ತೋಟಕ್ಕೇ ಹೇಳಿ ಮಾಡಿಸಿದ್ದು: ಗಿಡ್ಡ, ಹಗುರ, ಅರವತ್ತು ಗಜಕ್ಕೆ ನಿಖರ. ದೇವರು ಹಲ್ಲಿದ್ದವನಿಗೆ ಕಡಲೆ ಕೊಡಲಿಲ್ಲ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಾಗೂ ಇಲ್ಲ. ಕೇರಳದಲ್ಲಿ 2022ರಿಂದ ಬೆಳೆ ತಿನ್ನುವ ಹಂದಿಯನ್ನು ಕೊಲ್ಲಿಸುವ ಅಧಿಕಾರ ಪಂಚಾಯತು ಅಧ್ಯಕ್ಷರಿಗೆ ಬಂದಿದೆ. ಅವರ ಆದೇಶ ಇದ್ದರೆ ಲೈಸೆನ್ಸ್ ಇರುವವರು ಹೊಡೆಯಬಹುದು. ವಿಷ, ಸಿಡಿಮದ್ದು, ಕರೆಂಟು ತಂತಿ ಕೂಡದು. ಸತ್ತದ್ದನ್ನು ಹೂಳಬೇಕು. ಮರಗೆಣಸು ಬುಡಮೇಲಾದ ದಿನ ಆದೇಶಕ್ಕೆ ಕಾಯುವುದು ಕಷ್ಟವೇ. ಅದರ ನಡುವೆ ಚುನಾವಣೆ ಬಂದರೆ ಕೋವಿ ಠಾಣೆಯಲ್ಲಿ, ಹಂದಿ ತೋಟದಲ್ಲಿ.

ಅಳಿಯ ಕೊನೆಗೆ ಮಾರ್ಲಿನ್ .357 ತೆಗೆದುಕೊಂಡ. ಹಿತ್ತಾಳೆಯದನ್ನು ಎರಡು ಸಲ ಕೈಗೆತ್ತಿ, ಎರಡು ಸಲವೂ ಕೆಳಗಿಟ್ಟ. ಹೆಂಡತಿಗೆ ಇವತ್ತಿಗೂ ಆ ಬಣ್ಣದ್ದರ ಮೇಲೇ ಮನಸ್ಸು. ಉಳಿದ ದುಡ್ಡಿನಲ್ಲಿ .38ರ ಐನೂರು ತೋಟೆ ಬಂತು, ಮಳೆಗಾಲವಿಡೀ ಅವನು ರೇಂಜಿನಲ್ಲೇ. ಡಿಸೆಂಬರಿನಲ್ಲಿ ಮೂರು ತೋಟೆ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಮರದ ಕೆಳಗೆ ಕೂತು ಬರಿಗೈಯಲ್ಲಿ ಬಂದು ಫೋನು ಮಾಡಿದ. ಕೊಂಬಿನ ಜಿಂಕೆ ಕಂಡಿತ್ತಂತೆ.

"ಎಷ್ಟು ದೂರ ಇತ್ತು?"

"ನೂರ ಅರವತ್ತು ಗಜ ಮಾವ. ಹೊಡೆಯಲಿಲ್ಲ."

"ಒಳ್ಳೆಯದಾಯಿತು" ಅಂದೆ.